ಆವರಣದೊಳಗಿನ ಹೆಸರು

ಚಡ್ಡಿ ತೊಟ್ಟು, ತೊದಲು ಮಾತಾಡುತ್ತಾ ರೈಲಿನಲ್ಲಿ ಮಗುವಿನಂತೆ ಕುಳಿತ ಕಿಶೋರ್ ಕುಮಾರ್‌ನನ್ನು ಹಳೆಯ ಹಿಂದಿ ಚಿತ್ರಗಳ ಅಭಿಮಾನಿಗಳು ಮರೆತಿರಲಾರರು. ಚಿತ್ರದ ಹೆಸರು ‘ಹಾಫ್ ಟಿಕೆಟ್’, ತೆರೆ ಕಂಡದ್ದು 1962ರಲ್ಲಿ. ಪೂರ್ತಿ ಟಿಕೆಟ್ಟಿಗೆ ದುಡ್ಡಿಲ್ಲದ ಯುವಕನೊಬ್ಬ ಚಿಕ್ಕ ಹುಡುಗನ ವೇಷ ಹಾಕಿ ಮುಂಬಯಿ ರೈಲು ಹತ್ತುತ್ತಾನೆ. ಕದ್ದ ವಜ್ರವನ್ನು ಖಳನಾಯಕ ಪ್ರಾಣ್ ಈ ‘ಮಗು’ವಿನ ಜೇಬಿಗೆ ಇಳಿಬಿಡುತ್ತಾನೆ. ಆಮೇಲೆ ನಡೆಯುವುದೆಲ್ಲ ಓಟ, ಗಲಾಟೆ, ಮಧುಬಾಲಾಳ ಜೊತೆ ಪ್ರೇಮ.

ಈ ವಜ್ರ ಬಂದದ್ದು 1955ರ ಹಾಲಿವುಡ್ ಚಿತ್ರ ‘ಯೂ ಆರ್ ನೆವರ್ ಟೂ ಯಂಗ್’ನಿಂದ. ಅದರಲ್ಲಿ ಮಗುವಿನ ವೇಷ ಹಾಕಿದವನು ಜೆರ್ರಿ ಲೂಯಿಸ್. ಚಿತ್ರಕಥೆ ಬರೆದವನು ಮುಂದೆ ಕಾದಂಬರಿಗಳಿಂದ ಜಗತ್ಪ್ರಸಿದ್ಧನಾದ ಸಿಡ್ನಿ ಶೆಲ್ಡನ್. ಆದರೆ ಅರ್ಧ ಟಿಕೆಟ್ಟಿನ ಉಪಾಯ ಅವನದೂ ಅಲ್ಲ. ಇನ್ನೂ 13 ವರ್ಷ ಹಿಂದಕ್ಕೆ ಹೋದರೆ, 1942ರಲ್ಲಿ, ‘ದ ಮೇಜರ್ ಅಂಡ್ ದ ಮೈನರ್’ ಎಂಬ ಚಿತ್ರ ಸಿಗುತ್ತದೆ. ಅದರಲ್ಲಿ ವಜ್ರವಿಲ್ಲ, ಕಳ್ಳನಿಲ್ಲ. ನ್ಯೂಯಾರ್ಕಿನ ಬದುಕು ಸಾಕಾಗಿ ಊರಿಗೆ ಹೊರಟ ಯುವತಿಯೊಬ್ಬಳು ಎತ್ತಿಟ್ಟಿದ್ದ ಹಣ ಹಿಡಿದು ನಿಲ್ದಾಣಕ್ಕೆ ಬಂದರೆ ರೈಲಿನ ದರ ಏರಿದೆ. ಅವಳು ಎರಡು ಜಡೆ ಹಾಕಿಕೊಂಡು 12 ವರ್ಷದ ಹುಡುಗಿಯಾಗುತ್ತಾಳೆ. ರೈಲಿನಲ್ಲಿ ಸಿಗುವ ಸೇನಾಧಿಕಾರಿ ಅವಳನ್ನು ನಿಜಕ್ಕೂ ಮಗುವೆಂದೇ ನಂಬುತ್ತಾನೆ. ಅವಳಿಗೋ ಅವನ ಮೇಲೆ ಪ್ರೀತಿ, ಹೇಳುವಂತಿಲ್ಲ. ಇದಕ್ಕೂ ಹಿಂದೆ ಒಂದು ಸಣ್ಣಕಥೆ, ಒಂದು ನಾಟಕ ಇದ್ದವು. ಅವನ್ನು ಚಿತ್ರಕಥೆಯಾಗಿ ತಿದ್ದಿ ಬರೆದವರು ಇಬ್ಬರು. ಒಬ್ಬ ಬಿಲ್ಲಿ ವೈಲ್ಡರ್. ನಿರ್ದೇಶಕನಾಗಿ ಜಗತ್ತಿಗೆಲ್ಲ ಗೊತ್ತು. ಇನ್ನೊಬ್ಬ ಚಾರ್ಲ್ಸ್ ಬ್ರ್ಯಾಕೆಟ್.

ವಿಚಿತ್ರವೆಂದರೆ ಈತನ ಹೆಸರೇ ಅವನ ಹಣೆಬರಹವಾಯಿತು. ವೈಲ್ಡರ್ ಬಗ್ಗೆ ಬರೆದ ಲೇಖನಗಳಲ್ಲಿ ಅವನು ಬರುವುದು ಬಹುಪಾಲು ಆವರಣ ಚಿಹ್ನೆಯೊಳಗೆ: ಸಹಲೇಖಕ, ಬ್ರ್ಯಾಕೆಟ್. ಆದರೆ 1950ರ ಹಾಲಿವುಡ್ಡಿನಲ್ಲಿ ನಿಂತು ಕೇಳಿದ್ದರೆ ಇಬ್ಬರಲ್ಲಿ ದೊಡ್ಡವನು ಬ್ರ್ಯಾಕೆಟ್ ಎಂದೇ ಅನೇಕರು ಹೇಳುತ್ತಿದ್ದರು. ಆಗ ಅವನು ಆಸ್ಕರ್ ಪ್ರಶಸ್ತಿ ಕೊಡುವ ಚಲನಚಿತ್ರ ಅಕಾಡೆಮಿಯ ಅಧ್ಯಕ್ಷ, ಚಿತ್ರಕಥೆಗಾರರ ಸಂಘದ ಮಾಜಿ ಅಧ್ಯಕ್ಷ, ಪ್ಯಾರಾಮೌಂಟ್ ಸ್ಟುಡಿಯೋದ ಹೆಸರಾಂತ ನಿರ್ಮಾಪಕ. ಇಂಥವನನ್ನು ಇತಿಹಾಸ ಆವರಣದೊಳಗೆ ಕೂರಿಸಿದ್ದು ಹೇಗೆ?

ವಕೀಲರ ಮನೆಯಿಂದ

ಬ್ರ್ಯಾಕೆಟ್ ಹುಟ್ಟಿದ್ದು 1892ರ ನವೆಂಬರ್ 26ರಂದು, ನ್ಯೂಯಾರ್ಕ್ ರಾಜ್ಯದ ಸಾರಟೋಗ ಸ್ಪ್ರಿಂಗ್ಸ್‌ನಲ್ಲಿ. ತಂದೆ ವಕೀಲ, ರಾಜ್ಯದ ಶಾಸನಸಭೆಯಲ್ಲಿ ಸೆನೆಟರ್. ಮಗನೂ ಹಾರ್ವರ್ಡಿನಲ್ಲಿ ಕಾನೂನು ಓದಿದ. ಆದರೆ ಕೈ ಎಳೆದದ್ದು ಕಥೆಯ ಕಡೆಗೆ. 1920ರ ದಶಕದಲ್ಲಿ ಕಾದಂಬರಿಗಳನ್ನು ಬರೆದ. 1925ರಲ್ಲಿ ಆರಂಭವಾದ ‘ದ ನ್ಯೂಯಾರ್ಕರ್’ ಪತ್ರಿಕೆಗೆ ಅದರ ಮೊದಲ ವರ್ಷಗಳಲ್ಲಿ ನಾಟಕ ವಿಮರ್ಶಕನಾಗಿ ದುಡಿದ. 1930ರ ದಶಕದ ಆರಂಭದಲ್ಲಿ ಹಾಲಿವುಡ್ ಅವನನ್ನು ಕರೆಯಿತು.

ಕಾರಣ ಸರಳ. ಚಿತ್ರಗಳಿಗೆ ಆಗಷ್ಟೇ ಬಾಯಿ ಬಂದಿತ್ತು. ಮಾತು ಬರೆಯಬಲ್ಲವರನ್ನು ಸ್ಟುಡಿಯೋಗಳು ನ್ಯೂಯಾರ್ಕಿನಿಂದ ಸಾಲುಸಾಲಾಗಿ ಕರೆಸಿಕೊಳ್ಳುತ್ತಿದ್ದವು. ಕರೆಸಿಕೊಂಡು ಮಾಡುತ್ತಿದ್ದದ್ದೇನು? ವಾರದ ಸಂಬಳ, ಒಂದು ಕೋಣೆ, ಒಂದು ಟೈಪ್‌ರೈಟರ್. ಒಬ್ಬ ಬರೆದ ಕಥೆಯನ್ನು ಇನ್ನೊಬ್ಬ ತಿದ್ದುತ್ತಿದ್ದ, ಮತ್ತೊಬ್ಬ ನಗೆಮಾತು ಸೇರಿಸುತ್ತಿದ್ದ. ಕೊನೆಗೆ ತೆರೆಯ ಮೇಲೆ ಯಾರ ಹೆಸರು ಬರಬೇಕೆಂದು ತೀರ್ಮಾನಿಸುತ್ತಿದ್ದದ್ದು ಸ್ಟುಡಿಯೋ. ಚಿತ್ರೀಕರಣದ ಜಾಗಕ್ಕೆ ಲೇಖಕ ಬಂದರೆ ಅನೇಕ ನಿರ್ದೇಶಕರು ಹುಬ್ಬು ಗಂಟಿಕ್ಕುತ್ತಿದ್ದರು.

1936ರಲ್ಲಿ ಪ್ಯಾರಾಮೌಂಟ್ ಬ್ರ್ಯಾಕೆಟ್‌ನಿಗೆ ಒಬ್ಬ ಜೊತೆಗಾರನನ್ನು ಗಂಟು ಹಾಕಿತು. ಬಿಲ್ಲಿ ವೈಲ್ಡರ್ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದಲ್ಲಿ ಹುಟ್ಟಿದ ಯಹೂದಿ. ವಿಯೆನ್ನಾದಲ್ಲಿ ಪತ್ರಕರ್ತನಾಗಿ, ಬರ್ಲಿನ್ನಿನಲ್ಲಿ ಚಿತ್ರಕಥೆಗಾರನಾಗಿ ಹೆಸರು ಮಾಡಿದ್ದ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬರುತ್ತಲೇ ಪ್ಯಾರಿಸ್ಸಿಗೆ ಓಡಿ, ಮರುವರ್ಷ ಅಮೆರಿಕ ಸೇರಿದ್ದ. ಇಂಗ್ಲಿಷ್ ಇನ್ನೂ ಹದಕ್ಕೆ ಬಂದಿರಲಿಲ್ಲ. ತಲೆಯಲ್ಲಿ ಮಾತ್ರ ಕಥೆಗಳ ಕಣಜ.

ಇಬ್ಬರಿಗೂ ಎಲ್ಲಿಂದೆಲ್ಲಿಯ ಸಂಬಂಧ! ಬ್ರ್ಯಾಕೆಟ್ 14 ವರ್ಷ ಹಿರಿಯ, ಸ್ಥಿತಿವಂತ, ರಿಪಬ್ಲಿಕನ್ ಪಕ್ಷದ ಸಂಪ್ರದಾಯಸ್ಥ, ಮೆಲುದನಿಯವನು. ವೈಲ್ಡರ್ ಕೈಯಲ್ಲಿ ಕೋಲು ಹಿಡಿದು ಕೋಣೆಯ ಉದ್ದಗಲ ಅಳೆಯುತ್ತಾ ಮಾತಿನ ಚಾಟಿ ಬೀಸುವವನು. ಬ್ರ್ಯಾಕೆಟ್ ಸೋಫಾದ ಮೇಲೆ ಕಾಲು ಚಾಚಿ ಹಳದಿ ಕಾಗದದ ಮೇಲೆ ಬರೆಯುತ್ತಿದ್ದ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಬೇಡವೆನ್ನುತ್ತಿದ್ದ. ಇಬ್ಬರೂ ಒಪ್ಪಿದ್ದು ಮಾತ್ರ ಕಾಗದದ ಮೇಲೆ ಉಳಿಯುತ್ತಿತ್ತು.

ನಗೆ ಕಟ್ಟುವ ಕೆಲಸ

ಅವರ ಮೊದಲ ಗುರು ಜರ್ಮನಿಯಿಂದ ಬಂದ ಹಾಸ್ಯಚಿತ್ರಗಳ ನಿರ್ದೇಶಕ ಅರ್ನ್ಸ್ಟ್ ಲುಬಿಚ್. 1938ರ ‘ಬ್ಲೂಬಿಯರ್ಡ್ಸ್ ಏಯ್ಟ್ತ್ ವೈಫ್’ ಚಿತ್ರದ ಆರಂಭವನ್ನು ನೋಡಿ. ಫ್ರಾನ್ಸಿನ ಒಂದು ಅಂಗಡಿಗೆ ಬಂದ ಅಮೆರಿಕದ ಶ್ರೀಮಂತ ಪೈಜಾಮ ಜೋಡಿಯಲ್ಲಿ ಮೇಲಂಗಿ ಮಾತ್ರ ಕೊಡಿ ಎನ್ನುತ್ತಾನೆ. ತಾನು ಮಲಗುವಾಗ ಕೆಳಗಿನದನ್ನು ತೊಡುವುದೇ ಇಲ್ಲವಲ್ಲ, ಅದಕ್ಕೇಕೆ ದುಡ್ಡು ಕೊಡಬೇಕೆಂಬುದು ಅವನ ವಾದ. ಅಂಗಡಿಯವರು ಮೇಲಧಿಕಾರಿಗಳನ್ನು ಕೇಳುತ್ತಾ ಹೋಗಿ ಕೊನೆಗೆ ಮಾಲೀಕನ ಮನೆಗೇ ಫೋನ್ ಮಾಡುತ್ತಾರೆ. ಆಗದು ಎಂದು ಗುಡುಗುವ ಮಾಲೀಕ ಹಾಸಿಗೆಯಿಂದ ಎದ್ದಾಗ ನೋಡಿದರೆ ಅವನೂ ತೊಟ್ಟಿರುವುದು ಮೇಲಂಗಿ ಮಾತ್ರ! ಇತ್ತ ಅಂಗಡಿಯಲ್ಲಿ ಹೆಣ್ಣಿನ ದನಿಯೊಂದು ಕೇಳಿಸುತ್ತದೆ: ಕೆಳಗಿನದನ್ನು ನಾನು ಕೊಳ್ಳುತ್ತೇನೆ. ನಾಯಕ ನಾಯಕಿಯರ ಭೇಟಿ ಆಯಿತು.

ಮೇಲಂಗಿ ಕೆಳ ಉಡುಪಿನ ಹಂಚಿಕೆ ವೈಲ್ಡರ್‌ನ ಯೋಚನೆ. ಮಾಲೀಕನ ಬರಿಗಾಲು ಲುಬಿಚ್ ಸೇರಿಸಿದ್ದು ಎಂದು ವೈಲ್ಡರನೇ ನೆನೆಯುತ್ತಿದ್ದ. ಇಲ್ಲೊಂದು ಸೂಕ್ಷ್ಮವಿದೆ. 1934ರಿಂದ ಹಾಲಿವುಡ್ ಚಿತ್ರಗಳ ಮೇಲೆ ನೀತಿಸಂಹಿತೆಯ ಕಟ್ಟುನಿಟ್ಟಾದ ಕಣ್ಗಾವಲಿತ್ತು. ಚಿತ್ರಕಥೆಯ ಒಂದೊಂದು ಸಾಲನ್ನೂ ಓದಿ ಒಪ್ಪಿಗೆ ಕೊಡುವ ಕಚೇರಿ ಇತ್ತು. ಹಾಸಿಗೆಯ ವಿಷಯ ಎತ್ತುವಂತೆಯೇ ಇರಲಿಲ್ಲ. ಪೈಜಾಮದ ಬೆಲೆಯ ಬಗ್ಗೆ ಮಾತ್ರ ಎಷ್ಟು ಬೇಕಾದರೂ ಮಾತಾಡಬಹುದಿತ್ತು. ಹೇಳಬಾರದ್ದನ್ನು ಬಿಟ್ಟು ಪಕ್ಕದಲ್ಲಿರುವುದನ್ನು ಹೇಳಿದರೆ ಉಳಿದದ್ದನ್ನು ಪ್ರೇಕ್ಷಕನೇ ತುಂಬಿಕೊಳ್ಳುತ್ತಾನೆ, ತುಂಬಿಕೊಂಡ ಸಂತೋಷಕ್ಕೇ ನಗುತ್ತಾನೆ. ‘ದ ಮೇಜರ್ ಅಂಡ್ ದ ಮೈನರ್’ ಸಂಹಿತೆಯ ಬಾಗಿಲು ದಾಟಿದ್ದೂ ಹೀಗೆಯೇ. ಅವಳು ಮಗುವಲ್ಲ ಎಂಬುದು ನಮಗೆ ಗೊತ್ತು, ಮೇಜರನಿಗೆ ಗೊತ್ತಿಲ್ಲ.

1939ರ ‘ನಿನೋಚ್ಕ’ ಇದೇ ಬಗೆಯ ಕಸುಬಿಗೆ ಇನ್ನೊಂದು ಉದಾಹರಣೆ. ಬ್ರ್ಯಾಕೆಟ್, ವೈಲ್ಡರ್, ವಾಲ್ಟರ್ ರೈಶ್ ಮೂವರೂ ಸೇರಿ ಬರೆದ ಈ ಚಿತ್ರದ ನಿರ್ದೇಶಕನೂ ಲುಬಿಚ್. ಒಡವೆ ಮಾರಲು ಪ್ಯಾರಿಸ್ಸಿಗೆ ಬಂದ ಮೂವರು ಸೋವಿಯತ್ ಅಧಿಕಾರಿಗಳು ಸುಖಕ್ಕೆ ಸೋಲುತ್ತಾರೆ. ಅವರನ್ನು ವಿಚಾರಿಸಿಕೊಳ್ಳಲು ಮಾಸ್ಕೋದಿಂದ ನಿಷ್ಠುರ ಮುಖದ ಮಹಿಳೆ ನಿನೋಚ್ಕ ಬರುತ್ತಾಳೆ. ಹೋಟೆಲಿನ ಗಾಜಿನ ಕಪಾಟಿನಲ್ಲಿ ವಿಚಿತ್ರ ಆಕಾರದ ಟೋಪಿ ಕಂಡು, ಇಂಥದ್ದನ್ನು ಹೆಂಗಸರ ತಲೆಗೇರಿಸುವ ನಾಗರಿಕತೆ ಉಳಿಯಲಾರದೆಂದು ಹೀಗಳೆಯುತ್ತಾಳೆ. ಸ್ವಲ್ಪ ಹೊತ್ತಿನ ನಂತರ ಅದೇ ಟೋಪಿ ಮತ್ತೆ ಅವಳ ಕಣ್ಣಿಗೆ ಬೀಳುತ್ತದೆ. ಮೂರನೆಯ ಸಲ, ಕೋಣೆಯಲ್ಲಿ ಒಬ್ಬಳೇ ಇರುವಾಗ, ಬೀಗ ತೆಗೆದು ಅದೇ ಟೋಪಿಯನ್ನು ಹೊರತೆಗೆಯುತ್ತಾಳೆ. ಅವಳ ಮನಸ್ಸು ಕರಗಿದ್ದನ್ನು ಯಾವ ಮಾತೂ ಹೇಳುವುದಿಲ್ಲ, ಟೋಪಿ ಹೇಳುತ್ತದೆ. ಗಂಭೀರ ಪಾತ್ರಗಳಿಗೆ ಹೆಸರಾಗಿದ್ದ ಗ್ರೇಟಾ ಗಾರ್ಬೊ ನಗುತ್ತಾಳೆ ಎಂಬುದೇ ಆ ಚಿತ್ರದ ಜಾಹೀರಾತಾಗಿತ್ತು.

ಜಿರಲೆಯ ಜಗಳ

ನಗೆ ಕಟ್ಟುವುದು ಬಂತು. ಕಟ್ಟಿದ್ದನ್ನು ಕಾಪಾಡುವುದು ಹೇಗೆ? ಬ್ರ್ಯಾಕೆಟ್ ಈ ಪ್ರಶ್ನೆಯನ್ನು ಎರಡು ದಾರಿಯಲ್ಲಿ ಎದುರಿಸಿದ.

ಮೊದಲನೆಯದು ಸಂಘದ ದಾರಿ. ಚಿತ್ರಕಥೆಗಾರರ ಸಂಘ 1933ರಲ್ಲಿ ರೂಪುಗೊಂಡಿತ್ತು. ಅದನ್ನು ಮುರಿಯಲು ಸ್ಟುಡಿಯೋಗಳು 1936ರಲ್ಲಿ ಎದುರು ಸಂಘವೊಂದಕ್ಕೆ ಬೆಂಬಲ ಕೊಟ್ಟವು. ನಿಜವಾದ ಸಂಘದವರು ಕಮ್ಯುನಿಸ್ಟರೆಂದು ಪ್ರಚಾರ ನಡೆಯಿತು. 1938ರಲ್ಲಿ ಸರ್ಕಾರದ ಕಾರ್ಮಿಕ ಮಂಡಳಿ ಮತದಾನ ನಡೆಸಿದಾಗ ಲೇಖಕರು ಹಳೆಯ ಸಂಘವನ್ನೇ ಭಾರೀ ಬಹುಮತದಿಂದ ಆರಿಸಿದರು. ಆ ಕಾಲದಲ್ಲಿ ಸಂಘದ ಅಧ್ಯಕ್ಷನಾದವನು ಬ್ರ್ಯಾಕೆಟ್. ವಕೀಲ, ರಿಪಬ್ಲಿಕನ್, ಹಳೇ ಮನೆತನದವನು: ಇಂಥವನನ್ನು ಕ್ರಾಂತಿಕಾರಿ ಎಂದು ಕರೆದರೆ ನಂಬುವವರು ಯಾರು?

ಎರಡನೆಯ ದಾರಿಗೆ ಹಚ್ಚಿದ್ದು ಒಂದು ಜಿರಲೆ. 1941ರ ‘ಹೋಲ್ಡ್ ಬ್ಯಾಕ್ ದ ಡಾನ್’ ಅಮೆರಿಕದ ವೀಸಾಕ್ಕಾಗಿ ಮೆಕ್ಸಿಕೋ ಗಡಿಯ ಊರಿನಲ್ಲಿ ಕಾದು ಕೂತ ಯುರೋಪಿನ ನಿರಾಶ್ರಿತನ ಕಥೆ. ವೈಲ್ಡರ್ ತಾನೇ ಹಾಗೆ ಕಾದವನು. ನಾಯಕ ಕೊಳಕು ಹೋಟೆಲಿನ ಗೋಡೆಯ ಮೇಲಿನ ಜಿರಲೆಯನ್ನು ತಡೆದು, ನಿನ್ನ ವೀಸಾ ಎಲ್ಲಿ ಎಂದು ಗಡಿ ಅಧಿಕಾರಿಯಂತೆ ಗದರಿಸುವ ದೃಶ್ಯವೊಂದನ್ನು ಇಬ್ಬರೂ ಬರೆದಿದ್ದರು. ನಗೆಯೊಳಗೆ ಒಬ್ಬ ಮನುಷ್ಯನ ಅವಮಾನವೆಲ್ಲ ಇತ್ತು. ನಾಯಕ ನಟ ಚಾರ್ಲ್ಸ್ ಬೊಯರ್ ಜಿರಲೆಯ ಜೊತೆ ಮಾತಾಡಲಾರೆ ಎಂದ. ನಿರ್ದೇಶಕ ಮಿಚೆಲ್ ಲೈಸನ್ ತಕರಾರಿಲ್ಲದೆ ದೃಶ್ಯವನ್ನೇ ಕಿತ್ತುಹಾಕಿದ. ಸಿಟ್ಟಿಗೆದ್ದ ಲೇಖಕರು ಇನ್ನೂ ಬರೆದು ಮುಗಿಸಿರದ ಭಾಗದಲ್ಲಿ ಬೊಯರ್‌ನ ಮಾತುಗಳನ್ನು ಕತ್ತರಿಸಿದರೆಂದು ವೈಲ್ಡರ್ ಜೀವನವಿಡೀ ಹೇಳಿಕೊಂಡು ನಗುತ್ತಿದ್ದ.

ಇಬ್ಬರೂ ಕಂಡುಕೊಂಡ ಪರಿಹಾರ ಸ್ಪಷ್ಟವಾಗಿತ್ತು. ವೈಲ್ಡರ್ ನಿರ್ದೇಶಿಸುವುದು, ಬ್ರ್ಯಾಕೆಟ್ ನಿರ್ಮಿಸುವುದು, ಬರೆಯುವುದು ಇಬ್ಬರೂ. 1942ರ ‘ದ ಮೇಜರ್ ಅಂಡ್ ದ ಮೈನರ್’ ವೈಲ್ಡರ್‌ನ ಮೊದಲ ಹಾಲಿವುಡ್ ನಿರ್ದೇಶನ. ಮುಂದಿನ ವರ್ಷದ ಚಿತ್ರದಿಂದ ಬ್ರ್ಯಾಕೆಟ್ ನಿರ್ಮಾಪಕನ ಕುರ್ಚಿಗೆ ಬಂದ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮಲ್ಲಿ ನಿರ್ಮಾಪಕನೆಂದರೆ ದುಡ್ಡು ಹೂಡುವವನು. ಚಿತ್ರ ಬಿದ್ದರೆ ಮನೆ ಮಾರುವವನೂ ಅವನೇ. ಅಂದಿನ ಹಾಲಿವುಡ್ಡಿನಲ್ಲಿ ದುಡ್ಡು ಸ್ಟುಡಿಯೋದ್ದು, ನಿರ್ಮಾಪಕ ಸಂಬಳದವನು. ಕಥೆ ಆರಿಸುವುದು, ನಟರನ್ನು ಒಪ್ಪಿಸುವುದು, ಖರ್ಚು ಕಾಯುವುದು, ನೀತಿಸಂಹಿತೆಯ ಕಚೇರಿಯ ಜೊತೆ ಪತ್ರವ್ಯವಹಾರ, ಸಂಕಲನದ ಮೇಜಿನ ಬಳಿ ಕೊನೆಯ ಮಾತು, ಎಲ್ಲ ಅವನ ಕೆಲಸ. ಚಿತ್ರ ಚೆನ್ನಾಗಿ ಬಂದರೆ ಈ ಕೆಲಸಗಳಲ್ಲಿ ಒಂದೂ ಪ್ರೇಕ್ಷಕನ ಕಣ್ಣಿಗೆ ಬೀಳುವುದಿಲ್ಲ.

ನಗಬಾರದ ಕಡೆ ನಗು

1944ರಲ್ಲಿ ‘ಲೈಫ್’ ಪತ್ರಿಕೆ ಇವರಿಬ್ಬರನ್ನು ಹಾಲಿವುಡ್ಡಿನ ಅತ್ಯಂತ ಸುಖೀ ದಂಪತಿ ಎಂದು ತಮಾಷೆಯಾಗಿ ಬಣ್ಣಿಸಿತು. ಸಂಸಾರ ಅಷ್ಟು ಸುಖವಾಗಿರಲಿಲ್ಲ. ಅದೇ ವರ್ಷ ಬಂದ ‘ಡಬಲ್ ಇಂಡೆಮ್ನಿಟಿ’ಯ ಕೊಲೆಕಥೆ ಹೊಲಸೆನಿಸಿ ಬ್ರ್ಯಾಕೆಟ್ ದೂರ ಉಳಿದಿದ್ದ, ವೈಲ್ಡರ್ ಅದನ್ನು ರೇಮಂಡ್ ಚ್ಯಾಂಡ್ಲರ್ ಜೊತೆ ಬರೆದ. ಮತ್ತೆ ಒಂದಾದದ್ದು ‘ದ ಲಾಸ್ಟ್ ವೀಕೆಂಡ್’ಗಾಗಿ.

ಇದು ಕುಡಿತಕ್ಕೆ ಬಿದ್ದ ಲೇಖಕನೊಬ್ಬನ ಕೆಲವು ದಿನಗಳ ಕಥೆ. ಅದುವರೆಗೆ ಚಿತ್ರಗಳಲ್ಲಿ ಕುಡುಕನೆಂದರೆ ತೂರಾಡಿ ನಗಿಸುವವನು. ಆ ನಗೆಯನ್ನೇ ಬೇಡವೆಂದು ಹೊರಟವರು ಇಬ್ಬರು ಹಾಸ್ಯಲೇಖಕರು! ಬ್ರ್ಯಾಕೆಟ್‌ನಿಗೆ ಇದು ಬರೀ ಕಥೆಯಾಗಿರಲಿಲ್ಲ. ಅವನ ಪತ್ನಿ ವರ್ಷಗಳಿಂದ ಕುಡಿತದ ಕಾಯಿಲೆಯಲ್ಲಿ ನರಳುತ್ತಿದ್ದಳು. ಬಾಟಲಿಯನ್ನು ಎಲ್ಲೆಲ್ಲಿ ಬಚ್ಚಿಡುತ್ತಾರೆ, ಮನೆಯವರು ಹೇಗೆ ನಂಬಿದಂತೆ ನಟಿಸುತ್ತಾರೆ ಎಂಬುದನ್ನು ತಿಳಿಯಲು ಅವನು ಹೊರಗೆಲ್ಲೂ ಹೋಗಬೇಕಿರಲಿಲ್ಲ.

ಮುನ್ನೋಟದ ಪ್ರದರ್ಶನಕ್ಕೆ ತಾತ್ಕಾಲಿಕವಾಗಿ ಲಘು ಸಂಗೀತ ಹಚ್ಚಿದ್ದರು. ಪ್ರೇಕ್ಷಕರು ಗಹಗಹಿಸಿ ನಕ್ಕರು. ತೆರೆಯ ಮೇಲೆ ಕುಡುಕ, ಜೊತೆಗೆ ಉಲ್ಲಾಸದ ವಾದ್ಯ. ಇದು ಹಾಸ್ಯಚಿತ್ರವೆಂದೇ ಅವರು ತಿಳಿದರು. ಚಿತ್ರ ಡಬ್ಬಿ ಸೇರುವ ಸ್ಥಿತಿಗೆ ಬಂತು. ಆಮೇಲೆ ಮಿಕ್ಲೋಸ್ ರೋಜಾನ ಕಳವಳ ಹುಟ್ಟಿಸುವ ಸಂಗೀತ ಸೇರಿದಾಗ ಅವೇ ದೃಶ್ಯಗಳು ಎದೆ ಹಿಂಡಿದವು. 1945ರ ಚಿತ್ರಗಳಿಗೆ ಕೊಟ್ಟ ಆಸ್ಕರ್‌ಗಳಲ್ಲಿ ಶ್ರೇಷ್ಠ ಚಿತ್ರ, ನಿರ್ದೇಶನ, ನಟ, ಚಿತ್ರಕಥೆ ನಾಲ್ಕೂ ಇದಕ್ಕೆ ಬಂದವು. ಆಗ ಶ್ರೇಷ್ಠ ಚಿತ್ರದ ಪ್ರಶಸ್ತಿ ನಿರ್ಮಾಪಕನಿಗೆ ಸಲ್ಲುತ್ತಿರಲಿಲ್ಲ, ಸ್ಟುಡಿಯೋಗೆ ಸಲ್ಲುತ್ತಿತ್ತು. ಬ್ರ್ಯಾಕೆಟ್ ಮನೆಗೆ ಒಯ್ದದ್ದು ಚಿತ್ರಕಥೆಯ ಪ್ರತಿಮೆಯನ್ನು.

1950ರ ‘ಸನ್‌ಸೆಟ್ ಬುಲೆವಾರ್ಡ್’ ಮೊದಲು ಹಾಸ್ಯಚಿತ್ರವಾಗಿಯೇ ಅವರ ತಲೆಯಲ್ಲಿ ಮೊಳೆತಿತ್ತು. ಬೆಳೆಯುತ್ತಾ ಕಪ್ಪಾಯಿತು. ಕೆಲಸವಿಲ್ಲದ ಚಿತ್ರಕಥೆಗಾರನೊಬ್ಬ ಮರೆತುಹೋದ ಮೂಕಿಚಿತ್ರದ ತಾರೆಯ ಬಂಗಲೆಗೆ ಸಿಕ್ಕಿಬೀಳುತ್ತಾನೆ. ಕಥೆ ಹೇಳುವವನು ಈಜುಕೊಳದಲ್ಲಿ ತೇಲುವ ಅವನ ಹೆಣ! ಮೊದಲು ಚಿತ್ರ ಶವಾಗಾರದಲ್ಲಿ, ಹೆಣಗಳ ಮಾತುಕತೆಯಿಂದ ತೊಡಗುತ್ತಿತ್ತು. ಮುನ್ನೋಟದಲ್ಲಿ ಮತ್ತೆ ನಗಬಾರದ ಕಡೆ ನಗು. ಆ ಭಾಗವನ್ನು ಕಿತ್ತರು. ಮೂರನೆಯ ಲೇಖಕ ಡಿ.ಎಂ. ಮಾರ್ಷ್‌ಮನ್ ಜೊತೆಗಿದ್ದ ಈ ಚಿತ್ರಕ್ಕೆ 11 ಆಸ್ಕರ್ ನಾಮಕರಣ, ಚಿತ್ರಕಥೆಯೂ ಸೇರಿ 3 ಪ್ರಶಸ್ತಿ. ತೆರೆಯ ಮೇಲಿನ ಚಿತ್ರಕ್ಕೆ ಬರೆಯುವವನೊಬ್ಬ ಇದ್ದಾನೆಂದು ಜನರಿಗೆ ತಿಳಿಯುವುದೇ ಇಲ್ಲ, ನಟರೇ ಮಾತು ಕಟ್ಟಿಕೊಳ್ಳುತ್ತಾರೆಂದು ಭಾವಿಸುತ್ತಾರೆ ಎಂಬ ಅರ್ಥದ ಮಾತೊಂದು ನಾಯಕನ ಬಾಯಲ್ಲಿದೆ. ಅದು ಬರೆದವರ ಅನುಭವದ್ದೇ ಇರಬೇಕು.

ಮುರಿದ ಜೋಡಿ

ಆ ಚಿತ್ರ ಮುಗಿಯುವಷ್ಟರಲ್ಲಿ ವೈಲ್ಡರ್ ಇನ್ನು ಸಾಕು ಎಂದುಬಿಟ್ಟ. ತಾರೆಯ ಸೌಂದರ್ಯ ಚಿಕಿತ್ಸೆಯ ದೃಶ್ಯಗಳು ಕ್ರೂರವೆಂದು ಬ್ರ್ಯಾಕೆಟ್ ವಿರೋಧಿಸಿದ್ದ, ಜಗಳ ಕೈಮಿಲಾಯಿಸುವ ಹಂತಕ್ಕೆ ಬಂದಿತ್ತೆಂದು ಹೇಳುತ್ತಾರೆ. ಬೆಂಕಿಕಡ್ಡಿ, ಪೆಟ್ಟಿಗೆಯ ಮದ್ದಿನ ಪಟ್ಟಿ ಎರಡೂ ಸವೆದವು ಎಂಬ ಅರ್ಥದಲ್ಲಿ ವೈಲ್ಡರ್ ಕಾರಣ ಕೊಡುತ್ತಿದ್ದ. ಬ್ರ್ಯಾಕೆಟ್‌ನಿಗೆ ಮಾತ್ರ ಕೊನೆಯವರೆಗೂ ಕಾರಣ ಅರ್ಥವಾಗಲಿಲ್ಲವೆಂದು ಅವನನ್ನು ಬಲ್ಲವರು ಬರೆದಿದ್ದಾರೆ.

ಹಾಗೆಂದು ಅವನು ಮೂಲೆಗೆ ಬೀಳಲಿಲ್ಲ. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸೇರಿದ. 1953ರ ‘ನಯಾಗರ’ ಮರ್ಲಿನ್ ಮನ್ರೋಳನ್ನು ದೊಡ್ಡ ತಾರೆಯಾಗಿಸಿದ ಚಿತ್ರಗಳಲ್ಲೊಂದು. ನಿರ್ಮಾಪಕ ಬ್ರ್ಯಾಕೆಟ್, ಲೇಖಕರಲ್ಲೂ ಅವನೊಬ್ಬ. ಅದೇ ವರ್ಷದ ‘ಟೈಟಾನಿಕ್’ ಅವನಿಗೂ ಜೊತೆ ಲೇಖಕರಿಗೂ ಕಥೆ-ಚಿತ್ರಕಥೆಯ ಆಸ್ಕರ್ ತಂದಿತು. ಜೇಮ್ಸ್ ಕ್ಯಾಮೆರಾನ್‌ನ 1997ರ ಹಡಗಿಗೆ ಆಗ ಇನ್ನೂ 44 ವರ್ಷ ಬಾಕಿ. 1956ರಲ್ಲಿ ನಿರ್ಮಿಸಿದ ‘ದ ಕಿಂಗ್ ಅಂಡ್ ಐ’ 5 ಆಸ್ಕರ್ ಗೆದ್ದಿತು. 1949ರಿಂದ 1955ರವರೆಗೆ ಅವನು ಅಕಾಡೆಮಿಯ ಅಧ್ಯಕ್ಷ. ಆಸ್ಕರ್ ಸಮಾರಂಭ ಮೊತ್ತಮೊದಲು ದೂರದರ್ಶನದಲ್ಲಿ ಮನೆಮನೆ ತಲುಪಿದ್ದು ಅವನ ಕಾಲದಲ್ಲೇ, 1953ರ ಮಾರ್ಚ್ 19ರಂದು. 1958ರಲ್ಲಿ ಅಕಾಡೆಮಿ ಅವನಿಗೆ ಗೌರವ ಆಸ್ಕರ್ ಕೊಟ್ಟಿತು. 1962ರ ‘ಸ್ಟೇಟ್ ಫೇರ್’ ಅವನ ಕೊನೆಯ ಚಿತ್ರ. ಅದೇ ವರ್ಷ ಇಲ್ಲಿ ಕಿಶೋರ್ ಕುಮಾರ್ ಅರ್ಧ ಟಿಕೆಟ್ಟಿನಲ್ಲಿ ಪ್ರಯಾಣ ಮಾಡುತ್ತಿದ್ದ. 1969ರ ಮಾರ್ಚ್ 9ರಂದು ಬ್ರ್ಯಾಕೆಟ್ ತೀರಿಕೊಂಡ.

ಇಷ್ಟಿದ್ದೂ ಹೆಸರು ಆವರಣದೊಳಗೆ ಸರಿದದ್ದಕ್ಕೆ ಕಾರಣ ಕಾಲದ ರುಚಿ. 1950ರ ದಶಕದಲ್ಲಿ ಫ್ರಾನ್ಸಿನ ಯುವ ವಿಮರ್ಶಕರು ಚಿತ್ರದ ಕರ್ತೃ ನಿರ್ದೇಶಕನೇ ಎಂದು ಸಾರಿದರು. ಮುಂದಿನ ದಶಕದಲ್ಲಿ ಅಮೆರಿಕವೂ ಆ ಮಾತನ್ನು ಒಪ್ಪಿಕೊಂಡಿತು. ಪುಸ್ತಕಗಳು, ಪಾಠಗಳು, ಚಿತ್ರೋತ್ಸವಗಳು ಎಲ್ಲವೂ ನಿರ್ದೇಶಕರ ಹೆಸರಿನಲ್ಲೇ ವಿಂಗಡಣೆಯಾದವು. ವೈಲ್ಡರ್ 2002ರವರೆಗೆ ಬದುಕಿದ್ದು ಸಂದರ್ಶನಗಳಲ್ಲಿ ಹಳೆಯದನ್ನೆಲ್ಲ ರಸವತ್ತಾಗಿ ಹೇಳುತ್ತಾ ಹೋದ. ಬ್ರ್ಯಾಕೆಟ್‌ನ ಪರವಾಗಿ ಹೇಳುವವರಿರಲಿಲ್ಲ. 1932ರಿಂದ 1949ರವರೆಗಿನ ಅವನ ದಿನಚರಿಯ ಆಯ್ದ ಭಾಗಗಳು ಪುಸ್ತಕವಾಗಿ ಬಂದದ್ದು 2014ರಲ್ಲಿ. ಅದರಲ್ಲಿ ಇರುವುದು ಮುನಿಸು, ವಾದ, ಒಪ್ಪಂದ, ಮತ್ತೆ ಮುನಿಸು. ಹೆಚ್ಚೂಕಡಿಮೆ ಪ್ರತಿದಿನದ ಕಾದಾಟದ ನಡುವೆಯೇ ಆ ಚಿತ್ರಗಳು ಹುಟ್ಟಿದವು ಎಂದು ತಿಳಿಯುತ್ತದೆ.

ಯಾರು ಹೆಚ್ಚು ಬರೆದರು ಎಂಬ ತಕ್ಕಡಿ ಹಿಡಿದು ಪ್ರಯೋಜನವಿಲ್ಲ. ಬ್ರ್ಯಾಕೆಟ್ ಇಲ್ಲದೆಯೇ ವೈಲ್ಡರ್ ‘ಸಮ್ ಲೈಕ್ ಇಟ್ ಹಾಟ್’, ‘ದ ಅಪಾರ್ಟ್‌ಮೆಂಟ್’ನಂಥ ಮೇರುಕೃತಿಗಳನ್ನು ಕೊಟ್ಟ ಎಂಬುದು ನಿಜ. ಆದರೆ ಅವನ್ನೂ ಅವನು ಒಬ್ಬನೇ ಬರೆಯಲಿಲ್ಲ. ಬ್ರ್ಯಾಕೆಟ್‌ನಿಂದ ದೂರವಾದ ಮೇಲೆ ಏಳೆಂಟು ವರ್ಷ ಚಿತ್ರಕ್ಕೊಬ್ಬ ಜೊತೆಗಾರನನ್ನು ಬದಲಿಸಿ, ಕೊನೆಗೆ ಐ.ಎ.ಎಲ್. ಡೈಮಂಡ್ ಎಂಬವನನ್ನು ಹಿಡಿದು ಮುಂದಿನ ಬಾಳೆಲ್ಲ ಅವನ ಜೊತೆಯಲ್ಲೇ ಬರೆದ. ಬ್ರ್ಯಾಕೆಟ್ ಕೂಡ ಫಾಕ್ಸ್‌ನಲ್ಲಿ ಜೊತೆಗಾರರೊಂದಿಗೇ ಬರೆದ. ನಗೆಯ ಸಾಲು ಗೆದ್ದಿತೋ ಬಿದ್ದಿತೋ ಎಂದು ಹೇಳಲು ಎದುರಿಗೆ ಇನ್ನೊಬ್ಬ ಕೂತಿರಲೇಬೇಕು. ಆ ಸೋಫಾದ ಮೇಲೆ ಹಳದಿ ಕಾಗದ ಹಿಡಿದು ಮಲಗಿದ್ದವನು 14 ವರ್ಷ ವೈಲ್ಡರ್‌ನ ಮೊದಲ ಪ್ರೇಕ್ಷಕನಾಗಿದ್ದ, ಅವನಿಗೆ ನಗು ಬಾರದ ಸಾಲು ತೆರೆಯವರೆಗೆ ಬರುತ್ತಿರಲಿಲ್ಲ.